ಪ್ರಾಣದ ಹಂಗು ತೊರೆದು

‘ಮಿಲಿಟರಿ ಗೋವಿಂದಪ್ಪ’ ಎಂಬ ಹೆಸರನ್ನು ನಾನು ನಮ್ಮ ಬಡಾವಣೆಯಲ್ಲಿ ಬಹಳ ವರ್ಷಗಳಿಂದ ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಅವರು ಯಾವುದೋ ಹೋಟೆಲಿನ ಮಾಲೀಕರು ಎಂದೇ ತಿಳಿದಿದ್ದೆ. ದಯವಿಟ್ಟು ನಗಬೇಡಿ. ಬೆಂಗಳೂರಿನ ಈ ದಕ್ಷಿಣದ ಕಡೆ ಹುಟ್ಟಿ ಬೆಳೆದವರಿಗೆ ಮಿಲಿಟರಿ ಎಂದರೆ ಮೊದಲು ಕಣ್ಣಮುಂದೆ ಬರುವುದು ಗಡಿಯಲ್ಲ, ಮುದ್ದೆ. ‘ಮಿಲಿಟರಿ ಹೋಟೆಲ್’ ಎಂಬ ಬೋರ್ಡು, ಒಳಗೆ ಬಾಳೆಯೆಲೆ, ಕೈಮಾ ಉಂಡೆ, ಹೊರಗೆ ಜಾಗ ಸಿಗದೆ ಕಾಯುತ್ತ ನಿಂತ ಜನ. ಹುಟ್ಟಾ ಸಸ್ಯಾಹಾರಿಯಾದ ನಾನು ಅಂಥ ಹೋಟೆಲಿನ ಮುಂದೆ ಹೋಗುವಾಗ ಮೊದಲು ಉಸಿರು ಬಿಗಿಹಿಡಿದು, ಆಮೇಲೆ ಕುತೂಹಲ ತಡೆಯಲಾರದೆ ಅರ್ಧ ಉಸಿರು ಎಳೆದುಕೊಳ್ಳುವವಳು. ಗೋವಿಂದಪ್ಪನವರ ಬೆಳ್ಳನೆಯ ಮೀಸೆ, ನೆಟ್ಟಗಿನ ಬೆನ್ನು, ಬೆಳಗಿನ ವಾಕಿಂಗಿನ ಬಿರುಸು, ಇವೆಲ್ಲ ವ್ಯಾಪಾರ ಚೆನ್ನಾಗಿ ನಡೆಯುತ್ತಿರುವ ಮಾಲೀಕನ ಲಕ್ಷಣವಾಗಿಯೇ ನನಗೆ ಕಂಡಿದ್ದವು.

ಈ ಸಲದ ಗಣರಾಜ್ಯೋತ್ಸವದ ದಿನ ಪದ್ಮನಾಭನಗರದ ನಮ್ಮ ಪಾರ್ಕಿನಲ್ಲಿ ಧ್ವಜ ಹಾರಿಸಬೇಕಿದ್ದ ಮುಖ್ಯ ಅತಿಥಿಗಳು ಬರಲಿಲ್ಲ. ಮಕ್ಕಳು ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಸುರೇಶ, ಒಂದು ಕಾಲದಲ್ಲಿ ನನ್ನ ಕ್ಲಾಸಿನಲ್ಲಿ ಒತ್ತಕ್ಷರ ನುಂಗುತ್ತಿದ್ದ ಹುಡುಗ, ಸ್ಕೂಟರ್ ಹತ್ತಿ ಹೋಗಿ ಗೋವಿಂದಪ್ಪನವರನ್ನು ಹಿಂದೆ ಕೂರಿಸಿಕೊಂಡು ಬಂದ. ಅವರು ಹಳೆಯ ಕೋಟು ಹಾಕಿದ್ದರು. ಕೋಟಿನ ಎದೆಯ ಮೇಲೆ ಪದಕಗಳಿದ್ದವು. ‘ಹೋಟೆಲಿನವರ ಸಂಘದಿಂದ ಕೊಟ್ಟದ್ದೋ?’ ಎಂದು ಪಕ್ಕದವರನ್ನು ಕೇಳಲು ನಾನು ಬಾಯಿ ತೆರೆದಿದ್ದೆ. ದೇವರು ದೊಡ್ಡವನು, ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು.

ಉಪ್ಪಿಟ್ಟು ತಿನ್ನುವಾಗ ನಿಜ ತಿಳಿಯಿತು. ಗೋವಿಂದಪ್ಪನವರು ಇಲ್ಲಿಯವರೇ, ಈಗ ನಮ್ಮ ಮನೆಗಳಿರುವ ನೆಲದಲ್ಲಿ ಅವರಪ್ಪ ರಾಗಿ ಬಿತ್ತುತ್ತಿದ್ದರಂತೆ. ಹುಡುಗನಾಗಿದ್ದಾಗಲೇ ಸೈನ್ಯ ಸೇರಿ, ಎಪ್ಪತ್ತೊಂದರ ಯುದ್ಧದಲ್ಲಿ ಟೆಲಿಫೋನ್ ತಂತಿ ಎಳೆಯುವ ಸಿಪಾಯಿಯಾಗಿದ್ದು, ಶೆಲ್ ಬೀಳುತ್ತಿರುವಾಗ ತುಂಡಾದ ತಂತಿಯನ್ನು ಮತ್ತೆ ಮತ್ತೆ ಹೋಗಿ ಜೋಡಿಸಿ ಬಂದದ್ದಕ್ಕೆ ಸೇನಾ ಪದಕ ಪಡೆದವರು. ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಇಲ್ಲಿಯೇ ಕಂಬ ಹತ್ತುವ ಲೈನ್‌ಮನ್ ಆಗಿದ್ದರಂತೆ. ನಮ್ಮ ಮನೆಯ ಫೋನು ಸತ್ತಾಗಲೆಲ್ಲ ಬಂದು ಬದುಕಿಸಿದವರೂ ಅವರೇ ಇರಬೇಕು.

ಸುರೇಶ ಸುಮ್ಮನಿರುವ ಜಾಯಮಾನದವನಲ್ಲ. ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಮೊಬೈಲಿನಲ್ಲಿ ಹುಡುಕಿ, ನನ್ನ ಹತ್ತಿರ ಬಂದ.

“ಮಿಸ್, ಸೇನಾ ಪದಕ ಅನ್ನೋದು ಕೆಳಗಿನ ಮೆಟ್ಟಿಲು. ಇದರ ಮೇಲೆ ವೀರ ಚಕ್ರ ಇದೆ. ಅದರ ಮೇಲೆ ಇನ್ನೂ ಎರಡಿದೆ. ನಮ್ಮ ಅಂಕಲ್‌ಗೆ ಅನ್ಯಾಯ ಆಗಿದೆ. ಅಪ್‌ಗ್ರೇಡ್ ಮಾಡಿಸ್ಲೇಬೇಕು.”

ಅಂದಿನಿಂದ ಪಾರ್ಕಿನ ಕಲ್ಲುಬೆಂಚಿನ ಮೇಲೆ ದಿನವೂ ಇದೇ ಚರ್ಚೆ. ಎದುರು ಪಕ್ಷ ವಹಿಸಿದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶೇಷಾದ್ರಿಗಳು. ಅವರು ಯಾವುದನ್ನೂ ಒಂದೇ ಸಲಕ್ಕೆ ಮಂಜೂರು ಮಾಡಿದವರಲ್ಲ.

“ಇವರಿಗೆ ಹೆಚ್ಚಿಸಿದ್ರೆ ನಾಳೆ ಇನ್ನೊಬ್ರು ಕೇಳ್ತಾರೆ. ಎಲ್ಲರನ್ನೂ ಮೇಲಕ್ಕೆ ತಂದ್ಮೇಲೆ ಮೇಲೆ ಅನ್ನೋದಕ್ಕೆ ಅರ್ಥ ಏನ್ರೀ? ಅವತ್ತು ಕಣ್ಣಾರೆ ನೋಡಿದೋರು ಅವತ್ತೇ ತೂಕ ಹಾಕಿದ್ದಾರೆ.”

“ನೋಡಿದ ಆಫೀಸರ್‌ಗೆ ಚೆನ್ನಾಗಿ ಬರೆಯೋಕೆ ಬರದೇ ಇದ್ದಿದ್ರೆ ಸಾರ್? ಬರೆಯೋಕೆ ಬರೋ ಆಫೀಸರ್ ಕೈಕೆಳಗಿದ್ದೋರಿಗೆ ಚಕ್ರ, ನಮ್ಮೋರಿಗೆ ಬರೀ ಮೆಡಲ್. ಇದ್ಯಾವ ನ್ಯಾಯ?”

ಇಬ್ಬರ ಮಾತೂ ನನಗೆ ಸರಿಯೆನಿಸುತ್ತಿತ್ತು. ಇದು ನನ್ನ ಹಳೆಯ ಕಾಯಿಲೆ. ಮೇಲ್ದರ್ಜೆ ಎಂಬ ಪದ ಕೇಳಿದರೇ ನನಗೆ ಮಂಕು ಕವಿಯುತ್ತದೆ. ನಮ್ಮಲ್ಲಿ ಬಸ್ ನಿಲ್ದಾಣವನ್ನು ಮೇಲ್ದರ್ಜೆಗೆ ಏರಿಸುತ್ತಾರೆ, ಆರೋಗ್ಯ ಕೇಂದ್ರವನ್ನು ಏರಿಸುತ್ತಾರೆ. ಏರಿಸಿದ ಮೇಲೆ ಬೋರ್ಡು ದೊಡ್ಡದಾಗಿರುತ್ತದೆ, ಒಳಗಿನ ಬೆಂಚು ಅದೇ ಇರುತ್ತದೆ. ಧೈರ್ಯವನ್ನು ಮೇಲ್ದರ್ಜೆಗೆ ಏರಿಸುವುದು ಹೇಗೆ? ನಾನು ಬದುಕಿಡೀ ಅಂಕ ಹಾಕಿದವಳು, ಮರುಮೌಲ್ಯಮಾಪನಕ್ಕೂ ಕೂತವಳು. ಒಂದೇ ಉತ್ತರಕ್ಕೆ ಮೊದಲಿನವರು ಕಡಿಮೆ ಕೊಟ್ಟು ಎರಡನೆಯವರು ಹೆಚ್ಚು ಕೊಡುವುದರ ಗುಟ್ಟು ನನಗೆ ಗೊತ್ತು. ಮೊದಲಿನವರಿಗೆ ಹಸಿವಾಗಿತ್ತು, ಎರಡನೆಯವರಿಗೆ ಊಟವಾಗಿತ್ತು, ಅಷ್ಟೇ. ಆದರೂ ಅಲ್ಲಿ ಉತ್ತರಪತ್ರಿಕೆ ಎಂಬುದೊಂದು ಕಣ್ಣೆದುರಿಗೆ ಇರುತ್ತಿತ್ತು. ಗೋವಿಂದಪ್ಪನವರ ಉತ್ತರಪತ್ರಿಕೆ ಎಲ್ಲೋ ದೂರದ ಒಂದು ಹೊಲ. ಅಲ್ಲಿ ಇಷ್ಟು ವರ್ಷಗಳಿಂದ ಯಾರೋ ಉತ್ತು ಬಿತ್ತು ಕೊಯ್ಲು ಮಾಡುತ್ತಲೇ ಇದ್ದಾರೆ.

ನಮ್ಮ ಹಿಂದಿನವರು ಈ ತಂಟೆಗೇ ಹೋಗಲಿಲ್ಲ. ಹುಳಿಮಾವು ದಾಟಿ ಬೇಗೂರಿನ ಕಡೆ ಹೋದರೆ ಇಂದಿಗೂ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ಶಿವನ ಮುಂದೆ ಕೂತಿರುತ್ತಾನೆ. ಕಳ್ಳರಿಂದ ದನ ಬಿಡಿಸಲು ಹೋದವನಿಗೂ, ಅರಸನ ಪರವಾಗಿ ಕಾದಿದವನಿಗೂ ಅವೇ ಅಪ್ಸರೆಯರು, ಅದೇ ಶಿವ. ದರ್ಜೆಯಿಲ್ಲ, ಮನವಿಯಿಲ್ಲ. ಷರತ್ತು ಒಂದೇ, ಸತ್ತಿರಬೇಕು. ಹೆಂಡತಿ ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವಳಿಗೆ ಬೇರೆ ಕಲ್ಲು, ಮಾಸ್ತಿಕಲ್ಲು. ಬಳೆ ತೊಟ್ಟು ಮೇಲೆತ್ತಿದ ತೋಳು ಅದರ ಗುರುತು. ಅದನ್ನು ಪಡೆಯಲು ಅವಳು ಬೆಂಕಿಗೆ ಹೋಗಬೇಕಿತ್ತು. ಇದನ್ನೆಲ್ಲ ಎಷ್ಟು ವರ್ಷ ಪಾಠ ಮಾಡಿದೆನೋ. ಬದುಕಿ ಬಂದವನ ಹೆಂಡತಿಗೆ ಯಾವ ಕಲ್ಲು ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಕೊನೆಗೆ ‘ಕೇಳುವುದರಲ್ಲಿ ತಪ್ಪೇನು’ ಎಂಬ ನಮ್ಮ ಕಡೆಯ ಮಹಾವಾಕ್ಯವೇ ಗೆದ್ದಿತು. ಮನವಿ ಬರೆಯುವ ಕೆಲಸ ಎಂದಿನಂತೆ ನನ್ನ ತಲೆಗೆ ಬಂತು. ಕನ್ನಡ ಮಿಸ್ ಎಂಬ ಒಂದೇ ತಪ್ಪಿಗೆ ಚರಂಡಿ, ಬೀದಿದೀಪ, ಬೀದಿನಾಯಿ ಎಲ್ಲದರ ಮನವಿಯನ್ನೂ ನಾನೇ ಬರೆಯಬೇಕು. ನಾಯಿಗಳ ಬಗ್ಗೆ ಬರೆದದ್ದನ್ನು ಓದಿ ಅಧಿಕಾರಿಯೊಬ್ಬರ ಕಣ್ಣು ಒದ್ದೆಯಾಯಿತಂತೆ. ನಾಯಿಗಳು ಇದ್ದಲ್ಲೇ ಇವೆ.

ವಿವರ ಕೇಳಲು ಗೋವಿಂದಪ್ಪನವರ ಮನೆಗೆ ಹೋದೆ. ಮೇಲಿನ ಮಹಡಿಗಳ ಬಾಡಿಗೆದಾರರ ಸ್ಕೂಟರುಗಳ ನಡುವೆ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ದಾರಿ ಮಾಡಿಕೊಂಡೆ. ಅವರ ಹೆಂಡತಿ ರತ್ನಮ್ಮ ಕಾಫಿ ಕೊಟ್ಟರು. ಗೋವಿಂದಪ್ಪನವರು ಹೇಳಿದ್ದು ಕಾಫಿ ಆರುವಷ್ಟರಲ್ಲಿ ಮುಗಿಯಿತು.

“ಶೆಲ್ ಬಿದ್ದು ಲೈನ್ ಕಟ್ಟಾಯ್ತು. ಹೋಗಿ ಜಾಯಿಂಟ್ ಹಾಕಿ ಬಂದೆ. ಮತ್ತೆ ಕಟ್ಟಾಯ್ತು, ಮತ್ತೆ ಹೋದೆ. ಇಕ್ಕಳ ಎಲ್ಲೋ ಬಿದ್ದೋಗಿತ್ತು, ತಂತೀನ ಹಲ್ಲಲ್ಲೇ ಸುಲಿದೆ. ವಾಪಸ್ ಬರೋವಾಗ ತೊಡೆಗೆ ಚೂರು ಬಿತ್ತು. ಇನ್ನೇನಿಲ್ಲ ಮಿಸ್.”

ತುದಿ ಮುರಿದ ಮುಂಹಲ್ಲನ್ನು ತೋರಿಸಿದರು. ನನ್ನ ಕಣ್ಣಿಗೆ ಬಿದ್ದ ಪುರಾವೆ ಅದೊಂದೇ.

ಇಷ್ಟನ್ನು ಇಷ್ಟಾಗಿಯೇ ಬರೆಯಲು ಕನ್ನಡ ಮಿಸ್ಸಿಗೆ ಮನಸ್ಸು ಬಂದೀತೇ? ಮನೆಗೆ ಬಂದು ಕೂತೆ, ಪೆನ್ನು ತಾನಾಗಿ ಓಡಿತು. ‘ಗುಂಡಿನ ಸುರಿಮಳೆಯ ನಡುವೆ, ಎದೆಗುಂದದೆ, ಪ್ರಾಣದ ಹಂಗು ತೊರೆದು ಮುನ್ನುಗ್ಗಿ…’ ಈ ‘ಪ್ರಾಣದ ಹಂಗು ತೊರೆದು’ ಎಂಬುದು ನಮ್ಮ ಪತ್ರಿಕೆಗಳ ಕಾಯಂ ನೌಕರ. ಬಾವಿಗೆ ಬಿದ್ದ ಬೆಕ್ಕನ್ನು ಎತ್ತಿದವನೂ ಪ್ರಾಣದ ಹಂಗು ತೊರೆದೇ ಎತ್ತಿರುತ್ತಾನೆ. ನಾನೂ ಅದನ್ನು ಒಗ್ಗರಣೆಗೆ ಸಾಸಿವೆ ಹಾಕುವಂತೆ ಯೋಚಿಸದೆ ಹಾಕಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಗೋವಿಂದಪ್ಪನವರ ನಡುಮನೆಯಲ್ಲಿ ಅದನ್ನು ಓದಿದೆ. ಸುರೇಶನೂ ಶೇಷಾದ್ರಿಗಳೂ ಬಂದಿದ್ದರು. ರತ್ನಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾನು ಓದಿ ಮುಗಿಸಿದೆ. ಸುರೇಶ “ಸಖತ್ತಾಗಿದೆ ಮಿಸ್” ಎಂದ.

“ಹಂಗು ತೊರೆದು ಅಂದ್ರೆ ಏನು ಮಿಸ್?” ಎಂದರು ರತ್ನಮ್ಮ.

ನನಗೆ ಕ್ಲಾಸಿಗೆ ಹೋದಷ್ಟೇ ಸಂತೋಷವಾಯಿತು. “ಹಂಗು ಅಂದ್ರೆ ಋಣ, ಮುಲಾಜು. ಪ್ರಾಣದ ಹಂಗು ತೊರೆದು ಅಂದ್ರೆ, ಪ್ರಾಣ ಹೋದ್ರೆ ಹೋಗ್ಲಿ ಅಂತ.”

“ಹೋದ್ರೆ ಹೋಗ್ಲಿ ಅಂತ,” ಎಂದು ಅವರು ಹಾಗೆಯೇ ಹೇಳಿಕೊಂಡರು. ಕೈ ಕಾಳು ಹಿದುಕುತ್ತಲೇ ಇತ್ತು. “ಹಂಗಾದ್ರೆ ನನ್ನ ಹಂಗೂ ಅದ್ರಲ್ಲೇ ಬಂತಲ್ವಾ? ಮದುವೆ ಆಗಿದ್ದು ಆ ವರ್ಷಾನೇ.”

“ಅಯ್ಯೋ ಆಂಟಿ, ಅದು ಬರೆಯೋ ಸ್ಟೈಲು ಅಷ್ಟೇ,” ಎಂದ ಸುರೇಶ. ಅವನು ಸತ್ಯವನ್ನೇ ಹೇಳಿದ, ಅದಕ್ಕೇ ನನಗೆ ನಾಚಿಕೆಯಾಯಿತು. ಆ ಮಾತನ್ನು ತೆಗೆದುಬಿಡುತ್ತೇನೆ ಎಂದೆ. ಶೇಷಾದ್ರಿಗಳು ಕನ್ನಡಕ ಸರಿಮಾಡಿಕೊಂಡು, “ಅದನ್ನ ತೆಗೆದ್ರೆ ಕೇಸೇ ಇಲ್ಲ ಮೇಡಂ. ದೊಡ್ಡ ಪದಕ ಅಂದ್ರೆ ಅದೇ ತಾನೇ?” ಎಂದರು.

ಹಂಗು ಎಂಬುದು ವಿಚಿತ್ರ ಪದ. ನಮ್ಮ ಜನ ಬದುಕಿಡೀ ಯಾರ ಹಂಗೂ ಬೇಡ ಎಂದು ಹಾರೈಸುತ್ತಾರೆ. ಮಗನ ಹಂಗು ಬೇಡ, ಸೊಸೆಯ ಹಂಗು ಬೇಡ, ಹಂಗಿನ ಕೂಳು ಬೇಡ. ನಾನೂ ಹಾಗೆ ಜಂಬದಿಂದ ಹೇಳಿಕೊಂಡವಳೇ. ಅಂದು ಆ ನಡುಮನೆಯಲ್ಲಿ ಕೂತಾಗ, ಯಾರ ಹಂಗೂ ಇಲ್ಲದವನಿಗೆ ಯಾರೂ ಇರುವುದಿಲ್ಲ ಎಂಬುದು ತಲೆಗೆ ಹೋಯಿತು. ಶೇಷಾದ್ರಿಗಳು ಹೇಳಿದ್ದು ಸರಿ. ಪ್ರಾಣವನ್ನು ಎಷ್ಟು ಲೆಕ್ಕಕ್ಕಿಡಲಿಲ್ಲ ಎಂಬುದರ ಮೇಲೆಯೇ ಪದಕದ ಎತ್ತರ. ನಾವು ಗೋವಿಂದಪ್ಪನವರನ್ನು ಒಂದೊಂದು ಮೆಟ್ಟಿಲು ಹತ್ತಿಸಿದಂತೆಲ್ಲ ಅವರು ಆ ಹೊಸ್ತಿಲಿನಿಂದ ದೂರವಾಗುತ್ತಿದ್ದರು. ವೀರ ಚಕ್ರ ಬೇಕೆಂದರೆ, ನಿನ್ನ ಗಂಡ ನಿನ್ನನ್ನು ಇನ್ನೂ ಪೂರ್ತಿಯಾಗಿ ಬಿಟ್ಟು ಹೋಗಿದ್ದ ಎಂದು ಈ ಹೆಂಗಸಿನ ಎದುರಿಗೇ ನಾವು ಸಾಬೀತು ಮಾಡಬೇಕಿತ್ತು.

ರತ್ನಮ್ಮ ಗಂಡನ ಕಡೆ ತಿರುಗಿದರು. “ಇವ್ರನ್ನೆಲ್ಲ ಯಾಕ್ ಕೇಳ್ಬೇಕು, ನೀವೇ ಹೇಳಿ. ಅಲ್ಲಿಗೆ ಹೋಗುವಾಗ ನಾನು ನೆನಪಾದ್ನಾ?”

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಗಂಡ ಬನಶಂಕರಿಯಿಂದ ಜಯನಗರದವರೆಗೆ ಒಬ್ಬನೂ ಇರಲಾರ. ಮದುವೆಯ ದಿನವನ್ನೇ ಮರೆಯುವ ಶೇಷಾದ್ರಿಗಳೂ ಹೇಳಿಯಾರು. ಪರೀಕ್ಷೆಯ ಕೋಣೆಯಲ್ಲಿ ಯಾರಿಗೂ ಯಾವತ್ತೂ ಉತ್ತರ ಹೇಳಿಕೊಡದ ನಾನು ಅಂದು ಗೋವಿಂದಪ್ಪನವರಿಗೆ ಕಣ್ಣಿನಲ್ಲೇ ಹೇಳಿಕೊಟ್ಟೆ. ಅವರು ನನ್ನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದರು.

“ಇಲ್ಲ,” ಎಂದರು.

ಅವರೇ ಮುಂದುವರಿದು, “ತಂತೀದು ಇನ್ನೊಂದು ತುದಿ ಎಲ್ಲಿ ಬಿದ್ದೈತೆ ಅನ್ನೋದು ಬಿಟ್ರೆ ತಲೇಲಿ ಏನೂ ಇರ್ಲಿಲ್ಲ. ನೀನೂ ಇರ್ಲಿಲ್ಲ, ನಮ್ಮವ್ವಾನೂ ಇರ್ಲಿಲ್ಲ, ದೇಶಾನೂ ಇರ್ಲಿಲ್ಲ,” ಎಂದರು.

ದೇಶವೂ ಇರಲಿಲ್ಲ ಎಂದಾಗ ಸುರೇಶನ ಮುಖ ಪೆಚ್ಚಾಯಿತು. ರತ್ನಮ್ಮನ ಕೈ ನಿಂತಿತ್ತು. ಶೆಲ್ಲುಗಳ ನಡುವೆ ತಂತಿ ಜೋಡಿಸಿದ್ದು ಧೈರ್ಯವೇ ಇರಬಹುದು, ಅದನ್ನು ನಾನು ನೋಡಲಿಲ್ಲ. ಇದನ್ನು ನೋಡಿದೆ. ಒಂದು ಸಣ್ಣ ಸುಳ್ಳಿನಲ್ಲಿ ಪಾರಾಗಬಹುದಾಗಿದ್ದ ಮನುಷ್ಯ, ಮೂವರು ಹೊರಗಿನವರ ಮುಂದೆ, ಹೆಂಡತಿಯ ಮುಖ ನೋಡುತ್ತ ನಿಜ ಹೇಳಿದ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

“ಹಂಗಾದ್ರೆ ತೆಗೀಬೇಡಿ ಮಿಸ್,” ಎಂದರು ರತ್ನಮ್ಮ. “ಇರ್ಲಿ. ನಿಜಾನೇ ತಾನೇ.”

“ಬೇಡ ಬಿಡಿ, ಏನೂ ಕಳಿಸ್ಬೇಡಿ,” ಎಂದರು ಗೋವಿಂದಪ್ಪನವರು.

“ಕಳಿಸ್ಲಿ,” ಎಂದು ರತ್ನಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಮನವಿ ರಕ್ಷಣಾ ಇಲಾಖೆಗೆ ಹೋಯಿತು. ಕೊನೆಯವರೆಗೂ ವಿರೋಧಿಸಿದ ಶೇಷಾದ್ರಿಗಳೇ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು, ಅಚ್ಚುಕಟ್ಟಾಗಿಯೇ ಮಾಡಿಕೊಟ್ಟರು. ಇಷ್ಟು ಹಳೆಯದನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ ಎಂದು ಅವರೇ ಹೇಳುತ್ತಾರೆ. ನನಗೆ ಮಾತ್ರ ಅಂದಿನಿಂದ ಮನಸ್ಸು ಸರಿಯಿರಲಿಲ್ಲ. ಇಷ್ಟು ವರ್ಷ ತಣ್ಣಗೆ ಸಂಸಾರ ಮಾಡಿಕೊಂಡಿದ್ದವರ ನಡುವೆ ಒಂದು ಸವೆದ ನುಡಿಗಟ್ಟನ್ನು ತಂದು ಹಾಕಿದವಳು ನಾನೇ ಎಂಬ ಸಂಕಟ. ಅವರ ಮನೆಯ ರಸ್ತೆ ತಪ್ಪಿಸಿ, ಸುತ್ತು ಹಾಕಿಕೊಂಡು ಪಾರ್ಕಿಗೆ ಹೋಗತೊಡಗಿದೆ.

ಮೊನ್ನೆ ತರಕಾರಿ ಗಾಡಿಯ ಹತ್ತಿರ ರತ್ನಮ್ಮ ಸಿಕ್ಕಿಬಿಟ್ಟರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಬೇಜಾರಾಯಿತೇ ಎಂದು ಕೇಳಿಯೇಬಿಟ್ಟೆ.

ಅವರು ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ಹೇಳಿದರು: “ಬೇಜಾರು ಅಂತಲ್ಲ ಮಿಸ್. ಆವಾಗ ರೇಡಿಯೋ ಇದ್ದಿದ್ದು ಊರಿಗೆಲ್ಲ ಒಬ್ರ ಮನೇಲಿ. ಯುದ್ಧದ ಸುದ್ದಿ ಕೇಳೋಕೆ ಹೊತ್ತಾರೆ ಎದ್ದು ಅವ್ರ ಜಗಲಿ ಮೇಲೆ ಹೋಗಿ ಕೂತ್ಕೋತಿದ್ದೆ. ನೀರು ಸೇದುವಾಗ, ರಾಗಿ ಬೀಸುವಾಗ, ಈವಯ್ಯನ್ನ ಒಂದು ಗಳಿಗೆ ಮರ್ತಿದ್ರೆ ಕೇಳಿ. ಮರ್ತೋರಿಗೆ ಪದಕ ಕೊಟ್ರು. ಮರೀದೇ ಇದ್ದೋರಿಗೆ ಏನೂ ಕೊಡಲ್ಲ, ಅಲ್ವಾ?”

ದೂರಿನ ದನಿಯಿರಲಿಲ್ಲ. ಕೊತ್ತಂಬರಿ ಸೊಪ್ಪು ಇವತ್ತು ಬಂದಿಲ್ಲವೇ ಎಂದು ಕೇಳಿದಷ್ಟೇ ಸಲೀಸಾಗಿ ಕೇಳಿದರು. ಬೆಂಡೆಕಾಯಿ ತೂಗಿಸಿ ಚೀಲ ಎತ್ತಿಕೊಂಡರು.

“ಬರ್ತೀನಿ ಮಿಸ್, ಅವ್ರ ಶುಗರ್ ಮಾತ್ರೆಗೆ ಹೊತ್ತಾಯ್ತು. ನಾನು ಕೊಡ್ದೇ ಇದ್ರೆ ಅವ್ರಿಗೆ ನೆನಪೇ ಇರಲ್ಲ.”

ರಸ್ತೆಬದಿಯ ಸ್ಕೂಟರುಗಳ ನಡುವೆ ನುಸುಳಿ ಬಿರಬಿರನೆ ಹೋದರು. ಮೇಲ್ದರ್ಜೆಯ ಪದಕ ಬರುತ್ತದೆಂಬ ನಂಬಿಕೆ ನನಗಿಲ್ಲ. ಅಕಸ್ಮಾತ್ ಬಂದರೆ ಅದನ್ನು ಯಾರ ಸೆರಗಿಗೆ ಚುಚ್ಚಬೇಕೆಂದು ಮಾತ್ರ ಚೆನ್ನಾಗಿ ಗೊತ್ತಿದೆ. ಚುಚ್ಚುವಷ್ಟು ಹೊತ್ತು ಆಕೆ ನಿಂತರೆ.