ಕರಡಿಯ ಕಣ್ಣು ಕೀಳುವ ಅತ್ತೆ
ಓಡೆನ್ಸೆ ಊರಿನ ನಮ್ಮ ಮನೆಗೆ ಹುಟ್ಟುಹಬ್ಬಕ್ಕೆಂದು ಇಂಗೆಲಿಸೆ ಅತ್ತೆ ಬಂದಳೆಂದರೆ ಮಕ್ಕಳು ಉಡುಗೊರೆಗಳನ್ನು ಬಚ್ಚಿಡುತ್ತಾರೆ. ಮಕ್ಕಳ ಸಾಮಾನು ಪರೀಕ್ಷಿಸಿ, ಅಂಗಡಿಯಲ್ಲಿ ಮಾರಬಹುದೋ ಇಲ್ಲವೋ ಹೇಳುವುದು ಅವಳ ಸರ್ಕಾರಿ ಕೆಲಸ. ಕೇಕಿಗೆ ಕೈ ಹಾಕುವ ಮುಂಚೆ ಕರಡಿಬೊಂಬೆಯ ಕಣ್ಣು ಕಿತ್ತು ನೋಡುತ್ತಾಳೆ, ರೈಲಿನ ಚಕ್ರ ಕಚ್ಚುತ್ತಾಳೆ. "ಅತ್ತೆ, ಮೇಣದಬತ್ತಿ ಹಚ್ಚೋಕೆ ನಿನ್ನ ಅಪ್ಪಣೆ ಇದೆಯಾ?" ಎಂದು ರೇಗಿಸಿದರೆ, "ನಗ್ರಿ, ನಗ್ರಿ. ಹೊಸ ಕಾನೂನು ಬರ್ಲಿ, ಬ್ಯಾಟರಿ ಇರೋ ಪ್ರತಿಯೊಂದಕ್ಕೂ ಗಟ್ಟಿ ಮುಚ್ಚಳ ಹಾಕಿಸ್ತೀನಿ" ಎನ್ನುತ್ತಾಳೆ. ಆ ಕಾನೂನಿನ ಮಸೂದೆ ಸಂಸತ್ತಿನಲ್ಲಿ ಗೆದ್ದ ಸಂಜೆ ಅತ್ತೆ ನಮ್ಮಲ್ಲೇ ಇದ್ದಳು. ಅವಳ ಫೋನಿನಿಂದ "ಗೆದ್ವಾ?" ಎಂಬ ಒಡಕು ದನಿ ನಮಗೂ ಕೇಳಿಸಿತು. "ಗೆದ್ವಿ, ಚಿನ್ನ" ಎಂದಳು ಅತ್ತೆ. "ಯಾರತ್ತೆ ಆ ಮುದುಕ?" ಎಂದು ನಕ್ಕೆ. "ಮುದುಕ ಅಲ್ಲ, ಸಿಲ್ಲೆ ಅಂತ ಪುಟ್ಟ ಹುಡುಗಿ. ಎರಡನೇ ಕ್ಲಾಸು. ಕೂಸಾಗಿದ್ದಾಗ ಆಟದ ದೀಪದ ಗುಂಡಿಯಷ್ಟು ಬ್ಯಾಟರಿ ನುಂಗಿ ಗಂಟಲು ಸುಟ್ಕೊಂಡ್ಳು" ಎಂದ ಅತ್ತೆ ಕಿಟಕಿಯತ್ತ ತಿರುಗಿದಳು. "ಹಳೇ ಕಾನೂನಲ್ಲಿ ಆ ದೀಪದ್ದೇನೂ ತಪ್ಪಿರ್ಲಿಲ್ಲ. ಮಾರ್ಬಹುದು ಅಂದವಳು ನಾನೇ."