ಗೆರೆಗಿಂತ ಮೊದಲೇ ಬಂದ ಹಾರ

ಹೋದ ತಿಂಗಳು ಯಾದಗಿರಿಯ ಮೈದಾನದಲ್ಲಿ ನನ್ನ ಅಕ್ಕನ ಮಗಳು ರೇಣುಕಾಗೆ ಭರ್ಜರಿ ಸನ್ಮಾನವಾಯಿತು. ಹಾರ ಹಾಕಿದರು, ಶಾಲು ಹೊದೆಸಿದರು, ಹಲಗೆ ಬಾರಿಸಿದರು. ಒಂದೇ ಒಂದು ತೊಂದರೆ. ರೇಸ್ ಇನ್ನೂ ಮುಗಿದಿರಲಿಲ್ಲ!

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ರೇಣುಕಾ ಕಕ್ಕೇರಾದ ಹುಡುಗಿ. ಪಿಯುಸಿ ಓದಲು ಶಹಾಪುರದ ನಮ್ಮ ಮನೆಯಲ್ಲಿದ್ದಾಳೆ. ಮೂರು ಸಾವಿರ ಮೀಟರ್ ಓಡುತ್ತಾಳೆ. ಜಿಲ್ಲೆಯಲ್ಲಿ ಫಸ್ಟ್ ಬಂದವರಷ್ಟೇ ವಿಭಾಗ ಮಟ್ಟಕ್ಕೆ. ಅಲ್ಲಿ ಮಿಂಚಿದರೆ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ಸೀಟು. ಆ ಸೀಟಿನ ಮೇಲೇ ಅವಳ ಜೀವ. ಆದರೆ ಪ್ರತಿ ಸಲವೂ ಮೊದಲಿಗೇ ಜೋರಾಗಿ ಓಡಿ, ಕೊನೆಯ ಸುತ್ತಿನಲ್ಲಿ ದಮ್ಮು ಕಟ್ಟಿ ಹಿಂದೆ ಬೀಳುತ್ತಿದ್ದಳು.

ಉಳಿಸಿಟ್ಟ ದಮ್ಮನ್ನೆಲ್ಲ ಕೊನೆಗೆ ಒಮ್ಮೆಲೇ ಸುರಿದು ಓಡುವುದಕ್ಕೆ ‘ಫಿನಿಶಿಂಗ್ ಕಿಕ್’ ಅಂತಾರೆ. (ಇದನ್ನು ನಾನು ಕಲಿತದ್ದು ಮಂಚದ ಮೇಲೆ ಮಲಗಿ, ಮೊಬೈಲಿನಲ್ಲಿ. ಅಷ್ಟಕ್ಕೇ ಕೋಚ್ ಆಗಿಬಿಟ್ಟೆ.)

ನಸುಕಿನಲ್ಲೇ ಕೆನಾಲ್ ದಂಡೆಗೆ ಹೋಗುತ್ತಿದ್ದೆವು. ಅವಳು ಓಡುತ್ತ, ನಾನು ಸ್ಕೂಟರಿನಲ್ಲಿ. ಮೊದಲು ನಿಧಾನಕ್ಕೆ ದೂರದ ಓಟ. ಕಾಲು ಪೂರಾ ಸೋತ ಮೇಲೆ, ಕೆನಾಲಿನ ಒಂದು ಗೇಟಿನಿಂದ ಮುಂದಿನ ಗೇಟಿನವರೆಗೆ ಜೀವ ಬಿಟ್ಟು ಓಡಬೇಕು. ಪಾಠ ಹೇಳಬೇಕಾದ್ದು ಸೋತ ಕಾಲಿಗೆ, ತಾಜಾ ಕಾಲಿಗಲ್ಲ.

“ಕೈ ಬೀಸವ್ವಾ! ಕೈ ಬೀಸಿದ್ರ ಕಾಲು ತಾವೇ ಬರ್ತಾವ!” ಎಂದು ಹಾರ್ನ್ ಹೊಡೆಯುತ್ತಿದ್ದೆ.

“ಮಾಮಾ, ನೀವೊಮ್ಮಿ ಇಳದು ಓಡಿ ತೋರಸ್ರಿ” ಅಂದಳು ಒಂದಿನ. ನನಗೆ ತಕ್ಷಣ ಮೊಣಕಾಲು ನೋವು ಶುರುವಾಯಿತು.

ರೇಸಿನ ದಿನ ಅವಳ ಅಪ್ಪ, ಅಂದರೆ ನಮ್ಮ ಭಾವ ಹಣಮಂತ್ರಾಯ, ಕ್ರೂಸರ್ ಗಾಡಿಯ ತುಂಬ ಊರ ಮಂದಿಯನ್ನು ತುಂಬಿಕೊಂಡು ಬಂದರು. ಜೊತೆಗೆ ಚೆಂಡುಹೂವಿನ ಹಾರ, ಶಾಲು, ಹಲಗೆ.

“ಭಾವಾ, ಮೊದಲ ಗೆಲ್ಲಲಿ ತಡೀರಿ” ಅಂದೆ.

“ಗೆದ್ದ ಮ್ಯಾಲ ಹಾರ ಎಲ್ಲಿ ಹುಡುಕಾಕ ಹೋಗ್ಲೋ? ತಯಾರಿ ಇರಬೇಕು.”

ರೇಣುಕಾ ಹೇಳಿಕೊಟ್ಟಂತೆಯೇ ಓಡಿದಳು. ಅವಸರವಿಲ್ಲ, ಎರಡನೆಯವಳಾಗಿ ತಣ್ಣಗೆ. ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಕಡೇ ತಿರುವಿನಲ್ಲಿ ಕೈ ಬೀಸಿದಳು ನೋಡಿ! ಮುಂದಿದ್ದ ಸುರಪುರದ ಹುಡುಗಿಯನ್ನು ದಾಟಿ ಬಂದೇಬಿಟ್ಟಳು. ನನಗೆ ಅಳುವೇ ಬಂತು.

ಆಗ ಅವಳಿಗಿಂತ ಜೋರಾಗಿ ಇನ್ನೊಬ್ಬರು ಓಡಿಬಂದರು. ನಮ್ಮ ಭಾವ.

ಹಗ್ಗ ದಾಟಿ, ಟ್ರ್ಯಾಕಿಗಿಳಿದು, ಗೆರೆಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಮಗಳ ಕೊರಳಿಗೆ ಹಾರ ಹಾಕಿಯೇಬಿಟ್ಟರು. ಹಿಂದೆ ಬಂದವರು ಶಾಲು ಹೊದೆಸಿದರು. ಯಾರೋ ಸೆಲ್ಫಿಗೆ ಮುಖ ತೂರಿಸಿದರು. ಅವಳು ಬಿಡಿಸಿಕೊಳ್ಳುವಷ್ಟರಲ್ಲಿ ಸುರಪುರದ ಹುಡುಗಿ ಗೆರೆ ದಾಟಿ ನೀರು ಕುಡಿಯುತ್ತಿದ್ದಳು.

“ಮುಂದಿನಾಕಿನ್ನ ದಾಟಿದಳಲ್ಲೋ, ಇನ್ನೇನ್ ಉಳದಿತ್ತು?” ಅಂದರು ಭಾವ. ಆಮೇಲೆ ಗೆರೆ ಕಂಡಿತು. ಮುಖ ಸಣ್ಣದಾಯಿತು.

ನಾನು ರೆಫರಿ ಹತ್ತಿರ ಜಗಳಕ್ಕೆ ಹೋದೆ. ಅವರು ಹೇಳಿದರು: “ತಡದವ್ರು ನಿಮ್ಮವ್ರೇ ಅದಾರಲ್ರಿ. ಯಾರ ಮ್ಯಾಲ ಕಂಪ್ಲೇಂಟ್ ಬರಕೊಳ್ಳಿ?”

ಭಾವನ ಮೇಲೆ ಸಿಟ್ಟು ಬಂದದ್ದು ಖರೆ. ಆದರೆ ಅವರೊಬ್ಬರದೇ ತಪ್ಪೇ? ನಮ್ಮ ಕಡೆ ಕೊನೆಯ ಹೊಲಕ್ಕೆ ಕೆನಾಲ್ ನೀರು ಮುಟ್ಟುವ ಮೊದಲೇ ಹಾರ, ಭಾಷಣ, ಫ್ಲೆಕ್ಸು ಮುಟ್ಟಿರುತ್ತವೆ. ಡಾಂಬರು ಬೀಳುವ ಮೊದಲೇ ರಸ್ತೆ ತಂದವರ ಮೆರವಣಿಗೆ. ಪ್ರಮೋಷನ್ ಆರ್ಡರ್ ಬರುವ ಮೊದಲೇ ಪೇಡೆ. ಈ ಸುಡುಬಿಸಿಲಿನ ಊರಲ್ಲಿ ಯಾರಿಗೆ ಬೇಕ್ರೀ ಶಾಲು? ಆದರೂ ಶಾಲು ಕಾಣದ ಹೆಗಲು ನಮ್ಮಲ್ಲಿ ಅಪರೂಪ. (ನನ್ನ ಕಪಾಟಿನಲ್ಲೂ ಒಂದು ಗಂಟಿದೆ. ಯಾವ ಸಾಧನೆಗೆ ಕೊಟ್ಟರೆಂದು ಕೇಳಬೇಡಿ.)

ವಾಪಸ್ ಬರುವಾಗ ಬಸ್ಸಿನಲ್ಲಿ ರೇಣುಕಾ ಕಿಟಕಿ ಕಡೆಗೇ ನೋಡುತ್ತ ಅಂದಳು: “ಅಪ್ಪ ನಕ್ಕೋತ ಹಾರ ಹಿಡದು ಬಂದ ಮಾಮಾ. ಹೆಂಗ ದೂಡ್ಲಿ, ಹೇಳ್ರಿ?”

ನಾನು ಮೊಬೈಲ್ ತೆಗೆದು, ಹಾರ ತಪ್ಪಿಸಿ ಓಡುವುದು ಹೇಗೆಂದು ಹುಡುಕತೊಡಗಿದೆ.

ಪಿಯುಸಿಯಲ್ಲಿ ಅವಳಿಗೆ ಇನ್ನುಳಿದಿರುವುದು ಮುಂದಿನ ವರ್ಷ ಒಂದೇ. ಹಾಗಾಗಿ ಕೆನಾಲ್ ದಂಡೆಯಲ್ಲಿ ಹೊಸ ಪಾಠ ಶುರುವಾಗಿದೆ. ಅವಳು ಕೊನೆಯ ಗೇಟಿನತ್ತ ಜೀವ ಬಿಟ್ಟು ಓಡಿಬರುವಾಗ, ಒದ್ದೆ ಟವೆಲ್ಲನ್ನು ಹಾರದಂತೆ ಹಿಡಿದು ನಾನು ನಗುತ್ತ ಅಡ್ಡ ನಿಲ್ಲುತ್ತೇನೆ. ತಪ್ಪಿಸಿಕೊಂಡು ಓಡಬೇಕು. ಭೇಷಾಗಿ ತಪ್ಪಿಸಿಕೊಳ್ಳುತ್ತಾಳೆ.

ಈ ಸುದ್ದಿ ಹೇಗೋ ಊರೆಲ್ಲ ಹಬ್ಬಿತು. ನಿನ್ನೆ ಓಣಿಯ ಗೆಳೆಯರ ಬಳಗದವರು ಮನೆಗೆ ಬಂದರು. ‘ಮಾದರಿ ತರಬೇತುದಾರ’ ಎಂದು ಭಾನುವಾರ ನನಗೆ ಸನ್ಮಾನವಂತೆ! ಹುಡುಗಿ ಇನ್ನೂ ಗೆದ್ದಿಲ್ಲವಲ್ಲ, ಬೇಡ ಅನ್ನಬೇಕೆಂದು ಬಾಯಿ ತೆರೆದೆ. “ಎಷ್ಟಕ್ಕ ಬರ್ಲಿ?” ಅಂದುಬಿಟ್ಟೆ.

ಒಳಗಿಂದ ರೇಣುಕಾ ಅದೇ ಟವೆಲ್ ಹಿಡಿದುಕೊಂಡು ಬಂದಳು.

“ಮಾಮಾ, ನಾಳಿಂದ ನೀವು ಓಡ್ರಿ, ನಾ ಅಡ್ಡ ನಿಂದರ್ತೀನಿ. ಆಗಬಹುದೇನ್ರಿ?”