ಕಾಲ್ಗುಣವೂ ಬೋರ್‌ವೆಲ್ಲೂ

ನಾನು ಕೊಳಾಲದ ಸೊಸೆಯಾಗಿ ಬಂದ ವಾರವೇ ಹೂವಿನ ತೋಟದ ಹೊಸ ಬೋರ್‌ವೆಲ್ಲಲ್ಲಿ ನೀರು ಚಿಮ್ಮಿತು. ಅಷ್ಟೇ, ನನ್ನ ಕಥೆ ಮುಗೀತು. "ಎಂಥಾ ಕಾಲ್ಗುಣ ಕಣಮ್ಮ ನಿಂದು!" ಅಂತ ಅತ್ತೆ ದೃಷ್ಟಿ ತೆಗೆದರು. ಹೊಗಳಿಕೆ ಯಾರಿಗೆ ಬೇಡ? ನಾನೂ ಉಬ್ಬಿಹೋದೆ.

ಕೊರಟಗೆರೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು ನಾನು. ಎರಡು ಸಂಗತಿ ಜೊತೆಜೊತೆಗೆ ಏರಿಳಿದರೆ ಅದು ಸಹಸಂಬಂಧ. ಹಾಗಂತ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ, ಹಿಂದೆ ಮೂರನೆಯದೇನೋ ಇರಬಹುದು ಅಂತ ಪ್ರತಿ ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುತ್ತೇನೆ. ಸಂಜೆ ಮನೆಗೆ ಬಂದರೆ ನಾನೇ ನೀರಿಗೆ ಕಾರಣ!

ಮಗಳನ್ನು ಕರೆದುಕೊಂಡು ತವರಿಗೆ, ಪಾವಗಡದ ಬಲಸಮುದ್ರಕ್ಕೆ, ಹೋಗುತ್ತಿದ್ದದ್ದು ಬೇಸಿಗೆ ರಜೆಯಲ್ಲಿ ಮಾತ್ರ. ಬೇಸಿಗೆಯಲ್ಲಿ ಯಾರ ಬೋರ್‌ವೆಲ್ ತಾನೇ ಸೊರಗುವುದಿಲ್ಲ? ಅತ್ತೆಯ ಲೆಕ್ಕವೇ ಬೇರೆ. "ನೀನು ಹೋದ್ರೆ ನೀರೂ ಹೋಯ್ತದೆ." ವಾರ ಇರುತ್ತಿದ್ದವಳು ಎರಡು ದಿನಕ್ಕಿಳಿದೆ. ಆಮೇಲೆ ದೀಪ ಹಚ್ಚೋ ಹೊತ್ತಿಗೆ ನನ್ನ ಕಾಲು ಹೊಸಿಲೊಳಗೇ ಇರಬೇಕೆಂದಾಯಿತು. ಕಳೆದ ಬೇಸಿಗೆ ಬೆಳಗ್ಗೆ ಹೋಗಿ ಸಂಜೆ ಓಡಿಬಂದೆವು. ಗಂಡ? "ಅವ್ವ ಹೇಳ್ದಂಗೆ ಇದ್ಬುಡು, ನಿಂಗೇನ್ ನಷ್ಟ?" ಅಂತ ನಗುತ್ತಾನೆ ಮಹರಾಯ. ಬೈದು ಕಟ್ಟಿಹಾಕಿದ್ದರೆ ತಿರುಗಿ ಬೈಯಬಹುದಿತ್ತು. ಆರತಿ ಎತ್ತಿ ಕಟ್ಟಿಹಾಕಿದವರ ಜೊತೆ ಹೆಂಗೆ ಜಗಳವಾಡಲಿ?

ಈ ಮಳೆಗಾಲದಲ್ಲಿ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕೆಂದರು. "ಒಂದು ವಾರ ಇದ್ದು ಹೋಗು ತಲ್ಲೀ, ನಿನ್ನ ಮುಖ ಕಣ್ತುಂಬ ನೋಡ್ಬೇಕು" ಅಂದಳು ಫೋನಿನಲ್ಲಿ, ನಮ್ಮ ಕಡೆಯ ತೆಲುಗು ಬೆರೆಸಿ. ನನ್ನ ತಾಳ್ಮೆ ಕೆಟ್ಟಿತು. ಅತ್ತೆಯ ಮುಂದೆ ನಿಂತು ಹೇಳಿಯೇಬಿಟ್ಟೆ: "ನೀರು ಕಮ್ಮಿಯಾಗೋದು ಬೇಸಿಗೆಯಿಂದ, ನನ್ನಿಂದಲ್ಲ. ಈಗ ಹೋಗ್ತೀನಿ. ಏನಾಗುತ್ತೋ ನೀವೇ ನೋಡಿ." ಏಳು ವರ್ಷದ ಮಗಳಿಗೆ ಶಾಲೆ ಇತ್ತು. ಅವಳನ್ನು ಅತ್ತೆಯ ಹತ್ತಿರವೇ ಬಿಟ್ಟು ಬಸ್ಸು ಹತ್ತಿದೆ.

ವಾರವಿಡೀ ಕೊಳಾಲದಲ್ಲಿ ಮಳೆ. "ಪೈಪ್ ತುಂಬ ನೀರು ಕಣೇ" ಅಂತ ಗಂಡನ ಫೋನು ಬಂತು. ಅಬ್ಬಾ, ಗೆದ್ದೆ! ಅಮ್ಮನ ಮಂಚದ ಪಕ್ಕ ಕೂತು ಒಬ್ಬಳೇ ನಕ್ಕೆ.

ವಾಪಸು ಬಂದಾಗ ಅತ್ತೆ ಜಗಲಿಯ ಮೇಲೆ ಮೊಮ್ಮಗಳ ಕಾಲಿಗೆ ಅರಿಶಿನ ಹಚ್ಚುತ್ತಿದ್ದರು.

"ನೀನು ಹೇಳಿದ್ದೇ ಸರಿ ಕಣಮ್ಮ, ನಿನ್ನಿಂದಲ್ಲ. ಬೇಸ್ಗೇಲಿ ಈ ಕೂಸ್ನೂ ಕರ್ಕೊಂಡ್ ಹೋಯ್ತಿದ್ದೆ ನೋಡು, ಅದಕ್ಕೇ ನೀರು ನಿಲ್ತಿತ್ತು. ಇನ್ಮ್ಯಾಲೆ ನೀನು ಎಷ್ಟ್ ದಿನ ಬೇಕಾದ್ರೂ ಹೋಗಿ ಬಾ. ಇವಳ್ನ ಮಾತ್ರ ಕಳ್ಸಾಕಿಲ್ಲ."

"ನಂದು ಒಳ್ಳೇ ಕಾಲಂತೆ ಅಮ್ಮಾ!" ಅಂತ ಮಗಳು ಎರಡೂ ಕಾಲು ಚಾಚಿ ತೋರಿಸಿದಳು.